ಪರೀಕ್ಷೆಯ ಬಾಗಿಲು: ಕುಮಾರಿ ಸಿ. ಬಿ. ಮುತ್ತಮ್ಮನವರೂ ಭಾರತದ ವಿದೇಶಾಂಗ ಸೇವೆಯೂ

ಕನ್ನಡ ನಾಡಿನ ಸ್ತ್ರೀಯರು ಪರರಾಜ್ಯ ವ್ಯವಹಾರಗಳಲ್ಲಿ ತೋರಿದ ಚಾತುರ್ಯದ ಮಾತು ಬಂದಾಗ ನಮ್ಮ ಲೇಖಕರ ಮನಸ್ಸು ಸಹಜವಾಗಿಯೇ ಪಶ್ಚಿಮ ಕರಾವಳಿಯ ಕಡೆಗೆ ಹರಿಯುತ್ತದೆ. ಮೆಣಸಿನ ವ್ಯಾಪಾರದ ಬಲದಿಂದ ಪೋರ್ಚುಗೀಸರೊಡನೆ ಸರಿಸಮನಾಗಿ ವ್ಯವಹರಿಸಿದ ಗೇರುಸೊಪ್ಪೆಯ ಚೆನ್ನಭೈರಾದೇವಿ, ಶಿವಾಜಿಯ ಮಗನಾದ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು ಔರಂಗಜೇಬನ ಕೋಪವನ್ನು ಎದುರಿಸಿದ ಕೆಳದಿಯ ಚೆನ್ನಮ್ಮಾಜಿ, ಉಳ್ಳಾಲದ ಅಬ್ಬಕ್ಕದೇವಿ - ಈ ಹೆಸರುಗಳು ನಮ್ಮ ನಾಡಹಬ್ಬದ ಭಾಷಣಗಳಲ್ಲಿ ತಪ್ಪದೆ ಬರುತ್ತವೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಪೋರ್ಚುಗೀಸರ ರಾಯಭಾರದೊಡನೆ ಇಕ್ಕೇರಿಗೆ ಬಂದು, ಅನಂತರ ಮಂಗಳೂರಿನ ಸಮೀಪದ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನಷ್ಟೆ. ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸದ ಮೇಲೆ ಕಣ್ಣಿಟ್ಟು ಬರಿಗಾಲಿನಲ್ಲಿ ಓಡಾಡುತ್ತಿದ್ದ ಆಕೆ, ಯಾವ ಆಡಂಬರವೂ ಇಲ್ಲದೆ ದುಭಾಷಿಯ ಮೂಲಕ ಅವನ ದೇಶವನ್ನೂ ಅವನು ಸುತ್ತಿಬಂದ ನಾಡುಗಳನ್ನೂ ವಿಚಾರಿಸಿದಳು.

ಆ ಚಿತ್ರವು ಮನೋಹರವಾದುದು. ಆದರೆ ಅದನ್ನೇ ಪದೇ ಪದೇ ಮುಂದಿಟ್ಟು, ನಮ್ಮಲ್ಲಿ ಸ್ತ್ರೀಯರಿಗೆ ರಾಜಕಾರ್ಯದ ಬಾಗಿಲು ಎಂದೂ ಮುಚ್ಚಿರಲಿಲ್ಲವೆಂದು ಸಮಾಧಾನ ಪಟ್ಟುಕೊಳ್ಳುವ ವಾಡಿಕೆಯನ್ನು ಪ್ರಕೃತ ಲೇಖಕನು ಒಪ್ಪಲಾರನು. ಅಳಿಯಸಂತಾನದ ಚೌಟರ ಮನೆಯಲ್ಲಿ ಹುಟ್ಟಿದವಳಿಗೆ ಪಟ್ಟವು ಕುಲಕ್ರಮದಿಂದ ಬಂದಿತು. ಕೆಳದಿಯ ಚೆನ್ನಮ್ಮಾಜಿಗೆ ಪತಿಯ ಮರಣದಿಂದ ಬಂದಿತು. ರಾಣಿಯಾದವಳು ಸಂಧಿವಿಗ್ರಹಗಳನ್ನು ನಡೆಸಿದಳೆಂದ ಮಾತ್ರಕ್ಕೆ ಆಕೆಯ ಪ್ರಜೆಗಳಲ್ಲೊಬ್ಬಳು ತನ್ನ ಯೋಗ್ಯತೆಯಿಂದ ಆ ಕೆಲಸಕ್ಕೆ ನೇಮಕವಾಗಬಹುದಾಗಿತ್ತೆಂದು ಹೇಳಲು ಬರುವುದಿಲ್ಲ. ಅರಸೊತ್ತಿಗೆಯ ಗೌರವ ಬೇರೆ, ಉದ್ಯೋಗದ ಹಕ್ಕು ಬೇರೆ. ಈ ಎರಡನೆಯದರ ಇತಿಹಾಸವು ಭಾರತದಲ್ಲಿ ಬಹು ಈಚಿನದು; ಅದರ ಮೊದಲ ಪುಟದಲ್ಲಿರುವ ಹೆಸರು ಕೊಡಗಿನ ವೀರರಾಜಪೇಟೆಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳದು.

ಆ ಕಥೆಗೆ ಹೋಗುವ ಮುನ್ನ, ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ ತೆರೆದ ಇನ್ನೊಂದು ಬಾಗಿಲನ್ನು ಕುರಿತು ಎರಡು ಮಾತು ಹೇಳಬೇಕು. ರಾಷ್ಟ್ರೀಯ ಚಳವಳಿಯು ನಮ್ಮ ಸ್ತ್ರೀಯರನ್ನು ಸೆರೆಮನೆಗೆ ಕಳುಹಿಸಿದಂತೆಯೇ ವಿದೇಶದ ವೇದಿಕೆಗಳಿಗೂ ಕಳುಹಿಸಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1929ರಲ್ಲಿಯೇ ಬರ್ಲಿನ್ ನಗರದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋಗಿದ್ದರು. 1946ರಲ್ಲಿ ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು ಸಂಯುಕ್ತ ರಾಷ್ಟ್ರಗಳ ಮಹಾಸಭೆಗೆ ಭಾರತದ ನಿಯೋಗವನ್ನು ಮುನ್ನಡೆಸಿ, ದಕ್ಷಿಣ ಆಫ್ರಿಕೆಯ ಭಾರತೀಯರ ಪ್ರಶ್ನೆಯಲ್ಲಿ 15 ಮತಗಳಿಗೆ ಎದುರಾಗಿ 32 ಮತಗಳನ್ನು ಗಳಿಸಿದರು. ದೇಶಕ್ಕೆ ಇನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ! ಅನಂತರ 1947ರಲ್ಲಿ ಮಾಸ್ಕೋ, 1949ರಲ್ಲಿ ವಾಷಿಂಗ್ಟನ್, 1954ರಲ್ಲಿ ಲಂಡನ್; ನಡುವೆ 1953ರಲ್ಲಿ ಅದೇ ಮಹಾಸಭೆಯ ಅಧ್ಯಕ್ಷಸ್ಥಾನ. ಆ ಸ್ಥಾನಕ್ಕೆ ಬಂದ ಮೊದಲನೆಯ ಮಹಿಳೆ ಅವರು. ಶ್ರೀಮತಿ ಹಂಸಾ ಮೆಹ್ತಾ ಅವರು ಮಾನವ ಹಕ್ಕುಗಳ ಆಯೋಗದಲ್ಲಿ ಕುಳಿತು, ‘ಎಲ್ಲ ಪುರುಷರು’ ಎಂಬ ಅರ್ಥವನ್ನೂ ಕೊಡುತ್ತಿದ್ದ ಆಂಗ್ಲ ಮಾತನ್ನು ತೆಗೆಸಿ, ‘ಎಲ್ಲ ಮಾನವರು’ ಎಂಬರ್ಥದ ಮಾತನ್ನು ಘೋಷಣೆಯ ಮೊದಲ ವಿಧಿಯಲ್ಲಿ ಇರಿಸಿದರು. 1948ರ ಡಿಸೆಂಬರ್ 10ರಂದು ಜಗತ್ತು ಅಂಗೀಕರಿಸಿದ ಆ ಪಾಠದಲ್ಲಿ ಒಬ್ಬ ಭಾರತೀಯ ಮಹಿಳೆಯ ಕೈ ಇದೆ. ಶ್ರೀಮತಿ ಲಕ್ಷ್ಮೀ ಮೆನನ್ನರು ಮುಂದೆ ವಿದೇಶಾಂಗ ಖಾತೆಯ ಉಪಮಂತ್ರಿಗಳೂ ರಾಜ್ಯಮಂತ್ರಿಗಳೂ ಆದರು.

ಇವರೆಲ್ಲರ ಯೋಗ್ಯತೆ ನಿಸ್ಸಂದೇಹವಾದುದು. ಆದರೆ ಇವರು ಬಂದದ್ದು ನಾಮಕರಣದ ಮೂಲಕ, ಎಂದರೆ ಚಳವಳಿಯ ನಾಯಕರ ವಿಶ್ವಾಸದ ಮೂಲಕ. ದೊಡ್ಡ ಮನೆಯ ಮಗಳಿಗೆ, ಸೆರೆಮನೆ ಕಂಡ ದೇಶಭಕ್ತೆಗೆ ರಾಷ್ಟ್ರವು ಗೌರವ ಸಲ್ಲಿಸಿತು. ಯಾರ ಶಿಫಾರಸೂ ಇಲ್ಲದ, ಬರಿಯ ವಿದ್ಯೆಯೊಂದನ್ನೇ ಕಟ್ಟಿಕೊಂಡ ಹುಡುಗಿಯೊಬ್ಬಳು ಬಂದು ಬಾಗಿಲು ತಟ್ಟಿದರೆ ಅದೇ ರಾಷ್ಟ್ರದ ಕಚೇರಿಯು ಏನು ಹೇಳುತ್ತಿತ್ತು? ಹಂಸಾ ಮೆಹ್ತಾ ಅವರು ‘ಮಾನವರು’ ಎಂಬ ಪದಕ್ಕಾಗಿ ವಾದಿಸುತ್ತಿದ್ದ 1948ನೆಯ ಇಸವಿಯಲ್ಲಿಯೇ ಈ ಪ್ರಶ್ನೆಗೆ ಉತ್ತರವೂ ದೊರೆಯಿತು.

ಚೋನೀರ ಬೆಳ್ಳಿಯಪ್ಪ ಮುತ್ತಮ್ಮನವರು 1924ರ ಜನವರಿ 24ರಂದು ಜನಿಸಿದರು. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ನಾಲ್ವರು ಮಕ್ಕಳ ವಿದ್ಯಾಭ್ಯಾಸವು ತಾಯಿಯ ಹೆಗಲಿಗೆ ಬಿದ್ದಿತು. ಆಕೆ ಅದನ್ನು ನಡೆಸಿಯೂ ತೋರಿಸಿದರು. ಕೊಡವ ಸಮಾಜದಲ್ಲಿ ಸ್ತ್ರೀಯರಿಗಿರುವ ಗೌರವವೇ ಮುತ್ತಮ್ಮನವರ ಏಳಿಗೆಗೆ ಕಾರಣವೆಂದು ಬರೆಯುವವರುಂಟು. ಇರಬಹುದು, ಆದರೆ ಇಂಥ ಸಾಮಾನ್ಯ ವಾಕ್ಯಗಳ ಹಿಂದೆ ಒಬ್ಬ ವಿಧವೆ ತಾಯಿಯ ಪಾಡು ಮರೆಯಾಗುವುದು ಸರಿಯಲ್ಲ. ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆ, ಅನಂತರ ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜು, ಕೊನೆಗೆ ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. - ಇದು ಅವರ ವಿದ್ಯಾಭ್ಯಾಸದ ದಾರಿ. ಆಗ ಕೊಡಗು ಮೈಸೂರಿಗೆ ಸೇರಿದ್ದಲ್ಲ, ಪ್ರತ್ಯೇಕ ಪ್ರಾಂತ. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಉನ್ನತ ವಿದ್ಯೆಗಾಗಿ ಮದರಾಸಿಗೆ ಹೋಗಿ, ಉದ್ಯೋಗದಲ್ಲಿ ದೇಶದೇಶಗಳನ್ನು ಸುತ್ತಿ, ಕಟ್ಟಕಡೆಗೆ ಬೆಂಗಳೂರಿಗೆ ಬಂದು ನೆಲೆಸಿದ ಈ ಜೀವನದ ರೇಖೆಯು ಹೊರನಾಡಿನ ಕನ್ನಡಿಗರಾದ ನಮಗೆ ಅಪರಿಚಿತವೇನಲ್ಲ.

ಭಾರತದ ವಿದೇಶಾಂಗ ಸೇವೆಯನ್ನು ಸ್ಥಾಪಿಸುವ ನಿರ್ಧಾರವಾದದ್ದು 1946ರ ಅಕ್ಟೋಬರ್ 9ರಂದು. ಸ್ತ್ರೀಯೆಂಬ ಕಾರಣಕ್ಕೆ ಸರಕಾರಿ ಹುದ್ದೆಗೆ ಯಾರನ್ನೂ ಅನರ್ಹಗೊಳಿಸತಕ್ಕದ್ದಲ್ಲವೆಂದು 1935ರ ಭಾರತ ಸರಕಾರದ ಕಾಯಿದೆಯ 275ನೆಯ ಕಲಮು ಹೇಳಿತ್ತು. ಆದರೆ ವಿಶೇಷ ಆಜ್ಞೆಯ ಮೂಲಕ ಬೇಕಾದ ಹುದ್ದೆಗಳನ್ನು ಹೊರತುಪಡಿಸುವ ಅಧಿಕಾರವನ್ನೂ ಅದೇ ಕಲಮು ಇಟ್ಟುಕೊಂಡಿತ್ತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ಈ ವಿದ್ಯೆಯು ಆಂಗ್ಲರೊಡನೆ ಹಡಗು ಹತ್ತಲಿಲ್ಲ. ಮುತ್ತಮ್ಮನವರು ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ವಿದೇಶಾಂಗ ಸೇವೆಯ ಪಟ್ಟಿಯ ಮೊದಲನೆಯ ಸ್ಥಾನಕ್ಕೆ ಬಂದರು. ಸಂದರ್ಶನದ ಹೊತ್ತಿನಲ್ಲಿ ಮಂಡಲಿಯ ಅಧ್ಯಕ್ಷರೇ, ಈ ಸೇವೆ ಹೆಂಗಸರಿಗೆ ತಕ್ಕುದಲ್ಲವೆಂದು ಅವರನ್ನು ಹಿಮ್ಮೆಟ್ಟಿಸಲು ಯತ್ನಿಸಿದರು. ಆಕೆ ಹಿಮ್ಮೆಟ್ಟಲಿಲ್ಲ. 1949ರಲ್ಲಿ ಸೇವೆಗೆ ಸೇರಿದರು; ಸೇರುವಾಗ, ತಾವು ವಿವಾಹವಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಯಿತು.

ಆ ಮುಚ್ಚಳಿಕೆಯ ಮೇಲೆ ಸ್ವಲ್ಪ ನಿಂತು ಯೋಚಿಸುವುದು ಅವಶ್ಯ. ಅದು ಒಬ್ಬ ಗುಮಾಸ್ತನ ಹುಚ್ಚಾಟವಾಗಿರಲಿಲ್ಲ, ನೀತಿಯಾಗಿತ್ತು. 1951ರಲ್ಲಿ ಆಡಳಿತ ಸೇವೆಯನ್ನು ಸೇರಿದ ಅನ್ನಾ ರಾಜಮ್ ಅವರ ನೇಮಕದ ಆಜ್ಞೆಯಲ್ಲಿಯೂ ವಿವಾಹವಾದರೆ ಸೇವೆ ಮುಗಿಯುವುದೆಂಬ ಷರತ್ತು ಇತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 16ನೆಯ ಅನುಚ್ಛೇದವು ಸರಕಾರಿ ಉದ್ಯೋಗದಲ್ಲಿ ಲಿಂಗದ ಕಾರಣದಿಂದ ಭೇದ ಮಾಡಬಾರದೆಂದು ಸ್ಪಷ್ಟವಾದ ಮಾತುಗಳಲ್ಲಿ ಹೇಳುತ್ತದೆ. ಹೀಗಿದ್ದರೂ ಸಂವಿಧಾನವು ಬಂದು ಹನ್ನೊಂದು ವರ್ಷಗಳಾದ ಮೇಲೆ, 1961ರಲ್ಲಿ, ವಿದೇಶಾಂಗ ಸೇವೆಗಾಗಿ ರಚಿತವಾದ ನಿಯಮಗಳಲ್ಲಿ ಇದೇ ಭೇದವು ಅಚ್ಚಿನಲ್ಲಿ ನಿಂತಿತು. ನಡತೆ ಮತ್ತು ಶಿಸ್ತಿನ ನಿಯಮಗಳ 8(2)ರ ಪ್ರಕಾರ ಸೇವೆಯಲ್ಲಿರುವ ಮಹಿಳೆಯು ಮದುವೆಗೆ ಮೊದಲು ಸರಕಾರದ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು. ಮದುವೆಯಾದ ಅನಂತರ ಯಾವ ಕಾಲದಲ್ಲಿಯಾದರೂ ಸಂಸಾರದ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾಗುವುವೆಂದು ಸರಕಾರಕ್ಕೆ ತೋರಿದರೆ ರಾಜೀನಾಮೆ ಕೊಡತಕ್ಕದ್ದು. ನೇಮಕದ ನಿಯಮಗಳ 18(4) ಇನ್ನೂ ಚಿಕ್ಕದು, ಇನ್ನೂ ಬಿಚ್ಚುಮಾತಿನದು: ವಿವಾಹಿತ ಸ್ತ್ರೀಗೆ ಈ ಸೇವೆಗೆ ನೇಮಕವಾಗುವ ಹಕ್ಕಿಲ್ಲ.

ಗೃಹಕೃತ್ಯವು ರಾಜಕಾರ್ಯಕ್ಕೆ ಅಡ್ಡಿ ಎಂಬುದು ಈ ನಿಯಮಗಳ ತಿರುಳು. ಆದರೆ ಅಡ್ಡಿಯಾಗುವ ಈ ಗೃಹವು ಪುರುಷ ಅಧಿಕಾರಿಗೆ ಏಕೆ ಅಡ್ಡಿಯಾಗಲಿಲ್ಲ? ರಾಯಭಾರ ಕಚೇರಿಯ ದೈನಂದಿನ ವ್ಯವಹಾರವನ್ನು ಬಲ್ಲವರಿಗೆ ಇದರ ಉತ್ತರ ಗೊತ್ತು. ಔತಣ, ಅತಿಥಿಸತ್ಕಾರ, ಇತರ ದೇಶಗಳ ಅಧಿಕಾರಿಗಳ ಕುಟುಂಬಗಳೊಡನೆ ಸ್ನೇಹ - ಇವು ರಾಜತಂತ್ರದ ಹೊರಗಿನ ಅಲಂಕಾರಗಳಲ್ಲ, ಅದರ ಅಂಗಗಳು. ಔತಣದ ಮೇಜಿನ ಬಳಿ ಕಿವಿಗೆ ಬಿದ್ದ ಮಾತು ಮರುದಿನ ರಹಸ್ಯ ತಂತಿಯಾಗಿ ದಿಲ್ಲಿಗೆ ಹೋಗುವುದುಂಟು. ಈ ಕೆಲಸದ ಬಹುಭಾಗವನ್ನು ಮಾಡಿದವರು ಅಧಿಕಾರಿಗಳ ಪತ್ನಿಯರು, ಸಂಬಳವಿಲ್ಲದೆ. ಪುರುಷನಿಗೆ ವಿವಾಹವೆಂದರೆ ಕಚೇರಿಗೆ ಒಬ್ಬ ಬಿಟ್ಟಿ ಸಹಾಯಕಿ ದೊರೆತಂತೆ. ಸ್ತ್ರೀಗೆ ವಿವಾಹವೆಂದರೆ ಕಚೇರಿಯಿಂದ ಒಬ್ಬ ಅಧಿಕಾರಿ ಕಳೆದುಹೋದಂತೆ. ಅದೇ ಲೆಕ್ಕದ ಎರಡು ಬದಿಗಳಿವು. (ನಮ್ಮ ಹೊರನಾಡಿನ ಸಂಘಗಳಲ್ಲಿಯೂ ರಾಜ್ಯೋತ್ಸವದ ಊಟ, ರಂಗೋಲಿ, ಮಕ್ಕಳ ಕುಣಿತಗಳನ್ನು ಮಹಿಳಾ ವಿಭಾಗಕ್ಕೆ ವಹಿಸಿ, ಕಾರ್ಯಕಾರಿ ಸಮಿತಿಯ ಕುರ್ಚಿಗಳನ್ನು ನಾವು ಗಂಡಸರು ಹಂಚಿಕೊಂಡ ವರ್ಷಗಳು ಕಡಿಮೆಯೇನಲ್ಲ. ಬೇರೊಬ್ಬರ ನಿಯಮಾವಳಿಯನ್ನು ಓದಿ ನಗುವ ಮುನ್ನ ಇದೂ ನೆನಪಿರಬೇಕು.)

ಭಾರತವೊಂದೇ ಈ ದಾರಿ ತುಳಿಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ರಾಜತಾಂತ್ರಿಕ ಸೇವೆಯು ಸ್ತ್ರೀಯರನ್ನು ಸೇರಿಸಿಕೊಂಡದ್ದು 1946ರಲ್ಲಿ. ಮದುವೆಯಾದವರನ್ನು ಹೊರಹಾಕುವ ಪದ್ಧತಿ ಅಲ್ಲಿ ನಿಂತದ್ದು 1973ರಲ್ಲಿ. ಅಮೆರಿಕದ ಸೇವೆಯಲ್ಲಿಯೂ ಮದುವೆಯಾದ ಮಹಿಳೆ 1970ರ ದಶಕದ ಆದಿಯವರೆಗೆ ಹೊರನಡೆಯಬೇಕಾಗಿತ್ತು. ಆದುದರಿಂದ ನಮ್ಮ ನಿಯಮವು ಪ್ರಾಚೀನ ಭಾರತೀಯ ಸಂಪ್ರದಾಯದ ಫಲವೆಂಬ ವಾದವೂ, ಪಾಶ್ಚಾತ್ಯರು ಮುಂದಿದ್ದರು ನಾವು ಹಿಂದಿದ್ದೆವು ಎಂಬ ವಾದವೂ ಸಮನಾಗಿ ದುರ್ಬಲ. ವ್ಯತ್ಯಾಸವೊಂದುಂಟು: ಲಿಂಗಭೇದವನ್ನು ನಿಷೇಧಿಸುವ ಲಿಖಿತ ಸಂವಿಧಾನವು ನಮ್ಮ ಕೈಯಲ್ಲಿತ್ತು. ಬ್ರಿಟನ್ನಿನ ಅಧಿಕಾರಿಣಿಗೆ ಇಂಥ ಆಧಾರವಿರಲಿಲ್ಲ. ಈ ವ್ಯತ್ಯಾಸವೇ ಮುಂದೆ ಮುತ್ತಮ್ಮನವರ ಅಸ್ತ್ರವಾಯಿತು.

ಅವರ ಉದ್ಯೋಗಪರ್ವವನ್ನು ವಿಸ್ತರಿಸುವ ಅಗತ್ಯವಿಲ್ಲ. ಮೊದಲು ಪ್ಯಾರಿಸ್, ಅನಂತರ ರಂಗೂನ್, ಲಂಡನ್, ನಡುನಡುವೆ ದಿಲ್ಲಿಯ ಕೇಂದ್ರ ಕಚೇರಿಯಲ್ಲಿ ಪಾಕಿಸ್ತಾನ ಮತ್ತು ಅಮೆರಿಕದ ವ್ಯವಹಾರಗಳ ವಿಭಾಗಗಳು. 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ನೇಮಕವಾದರು. ಪರೀಕ್ಷೆಯ ಮೂಲಕ ಸೇವೆಗೆ ಬಂದ ಭಾರತೀಯ ಮಹಿಳೆಯೊಬ್ಬರು ರಾಯಭಾರಿಯಾದದ್ದು ಇದೇ ಮೊದಲು. ಬ್ರಿಟನ್ ತನ್ನ ಮೊದಲ ಮಹಿಳಾ ರಾಯಭಾರಿಯಾಗಿ ಆನ್ ವಾರ್ಬರ್ಟನ್ನರನ್ನು ಡೆನ್ಮಾರ್ಕಿಗೆ ಕಳುಹಿಸಿದ್ದು 1976ರಲ್ಲಿ, ಎಂದರೆ ಆರು ವರ್ಷಗಳ ತರುವಾಯ. ಹಂಗೆರಿಯಿಂದ ಘಾನಾ, ಅಲ್ಲಿಂದ ನೆದರ್‌ಲ್ಯಾಂಡ್ಸ್. ಹೀಗೆ ಹೊರಗೆ ನೋಡಿದರೆ ಎಲ್ಲವೂ ಸುಗಮ. ಆದರೆ ಸೇವೆಯ ಮೇಲಿನ ಶ್ರೇಣಿಗೆ ಬಡ್ತಿ ಕೊಡುವ ಕಾಲ ಬಂದಾಗ, ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಮೇಲೇರಿಸಲಾಯಿತು. ಅರ್ಹತೆ ಸಾಲದೆಂಬುದು ಕೊಟ್ಟ ಕಾರಣ.

ಮೂವತ್ತು ವರ್ಷಗಳ ಸೇವೆ ಸಲ್ಲಿಸಿ, ಇನ್ನೂ ಸೇವೆಯಲ್ಲಿರುವಾಗಲೇ ತಮ್ಮದೇ ಸರಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಮೇಲಿನವರ ಮನಸ್ಸನ್ನು ನೋಯಿಸದಿರುವುದನ್ನೇ ಜೀವನದ ಕಲೆಯಾಗಿ ಕಲಿಸುವ ಉದ್ಯೋಗವದು. ಅರ್ಜಿಯಲ್ಲಿ ಅವರು ಬಡ್ತಿಯ ಪ್ರಶ್ನೆಯೊಂದನ್ನೇ ಎತ್ತಲಿಲ್ಲ. ಸಂದರ್ಶನದ ದಿನದಿಂದ ಹಿಡಿದು, ಮುಚ್ಚಳಿಕೆಯನ್ನೂ 1961ರ ನಿಯಮಗಳನ್ನೂ ಮುಂದಿಟ್ಟು, ಇವೆಲ್ಲವೂ ಒಂದೇ ದಾರದ ಮಣಿಗಳೆಂದು ವಾದಿಸಿದರು. ತಮ್ಮನ್ನು ಅಳೆದ ಸಮಿತಿಯು ತಮ್ಮ ಕೆಲಸವನ್ನಲ್ಲ, ಹೆಣ್ಣೆಂಬುದನ್ನು ಅಳೆಯಿತೆಂಬುದು ಅವರ ದೂರು.

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ. ಎನ್. ಶಿಂಘಲ್ ಅವರ ಪೀಠವು ತೀರ್ಪನ್ನಿತ್ತಿತು. ತೀರ್ಪನ್ನು ಬರೆದವರು ಕೃಷ್ಣ ಅಯ್ಯರ್. ಪುಸ್ತಕದಲ್ಲಿರುವ ಸಂವಿಧಾನಕ್ಕೂ ಕಚೇರಿಯಲ್ಲಿ ನಡೆಯುವ ಕಾನೂನಿಗೂ ಎಷ್ಟು ದೂರವೆಂಬುದಕ್ಕೆ ಈ ನಿಯಮಗಳು ಸಾಕ್ಷಿಯೆಂದು ಅವರು ಖೇದಪಟ್ಟರು. ಮದುವೆಯಿಂದ ಕರ್ತವ್ಯಕ್ಕೆ ಹಾನಿಯುಂಟಾಗುವ ಅಪಾಯವಿದ್ದರೆ ಅದು ಪುರುಷ ಅಧಿಕಾರಿಯ ಮದುವೆಯಲ್ಲಿಯೂ ಅಷ್ಟೇ ಇದೆಯಲ್ಲವೇ ಎಂಬುದು ಅವರ ಸರಳವಾದ ಪ್ರಶ್ನೆ. ಎಲ್ಲ ಉದ್ಯೋಗಗಳಲ್ಲಿಯೂ ಎಲ್ಲ ಸಂದರ್ಭಗಳಲ್ಲಿಯೂ ಸ್ತ್ರೀಪುರುಷರು ಸಮಾನರೆಂದು ತಾವು ಸಾರುತ್ತಿಲ್ಲವೆಂಬ ಎಚ್ಚರಿಕೆಯ ಮಾತನ್ನೂ ಅವರು ಸೇರಿಸಿದರು. ಇದನ್ನು ಈಚಿನ ಲೇಖಕರು ಉಲ್ಲೇಖಿಸುವುದು ಅಪರೂಪ. ಸ್ತ್ರೀಯರು ಒಬ್ಬೊಬ್ಬರಾಗಿ ನ್ಯಾಯಾಲಯಕ್ಕೆ ಬರುವವರೆಗೆ ಕಾಯದೆ, ಸರಕಾರವು ತನ್ನ ಎಲ್ಲ ಸೇವಾನಿಯಮಗಳನ್ನೂ ತಾನಾಗಿಯೇ ಶುದ್ಧಿಗೊಳಿಸಬೇಕೆಂಬುದು ತೀರ್ಪಿನ ಅತ್ಯಂತ ಮುಖ್ಯವಾದ ಭಾಗ.

ಇಲ್ಲಿ ಒಂದು ತಿದ್ದುಪಡಿ ಅವಶ್ಯ. ಮುತ್ತಮ್ಮನವರು ಮೊಕದ್ದಮೆಯನ್ನು ಗೆದ್ದರೆಂದು ಅನೇಕ ಕಡೆ ಬರೆದಿರುತ್ತದೆ. ವಾಸ್ತವವಾಗಿ ಅರ್ಜಿಯು ವಜಾ ಆಯಿತು. ಅರ್ಜಿಯು ನ್ಯಾಯಾಲಯದ ಮುಂದಿರುವಾಗಲೇ ಸರಕಾರವು ಅವರಿಗೆ ಬಡ್ತಿಯನ್ನು ಕೊಟ್ಟುಬಿಟ್ಟಿತ್ತು. 18(4)ನೆಯ ನಿಯಮವನ್ನು 1973ರ ನವೆಂಬರ್ 12ರಂದೇ ತೆಗೆದುಹಾಕಲಾಗಿದೆಯೆಂದೂ 8(2)ನ್ನು ತೆಗೆಯುವ ಕ್ರಮ ನಡೆದಿದೆಯೆಂದೂ ತಿಳಿಸಿತ್ತು. ಕೇಳಿದ್ದೆಲ್ಲ ದೊರೆತ ಮೇಲೆ ತೀರ್ಮಾನಿಸಲು ಉಳಿದದ್ದೇನು? ಬಡ್ತಿ ತಡವಾದ ತಿಂಗಳುಗಳಲ್ಲಿ ಕಿರಿಯರಿಗೆ ದೊರೆತ ಹಿರಿತನದ ಪ್ರಶ್ನೆಯೊಂದನ್ನು ಪುನಃ ಪರಿಶೀಲಿಸಬೇಕೆಂದು ಹೇಳಿ ಪೀಠವು ಅರ್ಜಿಯನ್ನು ಮುಗಿಸಿತು. ಕಾನೂನಿನ ಭಾಷೆಯಲ್ಲಿ ಇದು ಸೋಲು. ಆದರೆ ಪ್ರತಿವಾದಿಯು ತೀರ್ಪಿಗೆ ಮೊದಲೇ ಶರಣಾದ ಮೊಕದ್ದಮೆಯನ್ನು ಏನೆಂದು ಕರೆಯಬೇಕೆಂಬುದನ್ನು ವಾಚಕರೇ ನಿರ್ಧರಿಸಲಿ. ಪ್ರಕೃತ ಲೇಖಕನ ಅಭಿಪ್ರಾಯದಲ್ಲಿ, ‘ಗೆದ್ದರು’ ಎಂದು ಬರೆಯುವುದಕ್ಕಿಂತ ನಡೆದದ್ದನ್ನು ನಡೆದಂತೆ ಬರೆಯುವುದರಿಂದಲೇ ಆಕೆಯ ಘನತೆ ಹೆಚ್ಚುತ್ತದೆ. ನ್ಯಾಯಾಲಯದ ಆಜ್ಞೆಯಿಂದಲ್ಲ, ನ್ಯಾಯಾಲಯದಲ್ಲಿ ಎದುರು ನಿಲ್ಲಬೇಕಾಗಿ ಬಂದ ನಾಚಿಕೆಯಿಂದ ಸರಕಾರವು ಬಗ್ಗಿತು.

ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರು. ಇದನ್ನು ಆ ಮುಚ್ಚಳಿಕೆಯ ತಲೆಗೆ ಕಟ್ಟುವ ಅಧಿಕಾರ ನಮಗಿಲ್ಲ. ಒಬ್ಬರ ಬಾಳಿನ ನಿರ್ಧಾರಗಳನ್ನು ಒಂದು ಕಲಮಿನಿಂದ ವಿವರಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಅವರ ಸಹೋದ್ಯೋಗಿಗಳಾದ ಪುರುಷರ ವಿಷಯದಲ್ಲಿ ಇಂಥ ಪ್ರಶ್ನೆಯೇ ಏಳುವುದಿಲ್ಲವೆಂಬುದನ್ನು ಗಮನಿಸದಿರಲಾಗದು.

1982ರಲ್ಲಿ ಅವರು ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆಯವರ ನೇತೃತ್ವದಲ್ಲಿ ನಿಶ್ಶಸ್ತ್ರೀಕರಣ ಮತ್ತು ಭದ್ರತೆಗಳ ವಿಚಾರಕ್ಕಾಗಿ ರಚಿತವಾದ ಸ್ವತಂತ್ರ ಆಯೋಗದಲ್ಲಿ ಭಾರತದಿಂದ ಸದಸ್ಯರಾಗಿದ್ದವರು ಇವರೇ. ಪರಮಾಣು ಅಸ್ತ್ರಗಳ ಯುಗದಲ್ಲಿ ಒಂದು ದೇಶವು ಇನ್ನೊಂದನ್ನು ಅಭದ್ರವಾಗಿರಿಸಿ ತಾನು ಮಾತ್ರ ಭದ್ರವಾಗಿರಲಾರದೆಂಬುದು 1982ರಲ್ಲಿ ಹೊರಬಂದ ಆ ಆಯೋಗದ ವರದಿಯ ಸಾರ. ಹೆಣ್ಣೆಂದು ಬಡ್ತಿ ತಡೆದ ಮಂಡಲಿಗಳ ನೆನಪು ಹಸಿಯಾಗಿರುವಾಗಲೇ ಮುತ್ತಮ್ಮನವರು ಜಗತ್ತಿನ ಮಾಜಿ ಪ್ರಧಾನಿಗಳೊಡನೆ ಕುಳಿತು ಯುದ್ಧಶಾಂತಿಗಳ ಪ್ರಶ್ನೆಯನ್ನು ಚರ್ಚಿಸುತ್ತಿದ್ದರು. ದಿಲ್ಲಿಯಲ್ಲಿ ತಮಗಿದ್ದ ಭೂಮಿಯನ್ನು ಅನಾಥಾಶ್ರಮಕ್ಕಾಗಿ ಮದರ್ ತೆರೇಸಾ ಅವರ ಸಂಸ್ಥೆಗೆ ದಾನವಾಗಿತ್ತರು. 2003ರಲ್ಲಿ ‘ಸ್ಲೇನ್ ಬೈ ದ ಸಿಸ್ಟಂ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ನಮ್ಮ ಆಡಳಿತ ವ್ಯವಸ್ಥೆಯನ್ನು ಕಟುವಾಗಿಯೇ ವಿಮರ್ಶಿಸಿದರು. ಕೊಡವರ ಅಡಿಗೆಯನ್ನು ಕುರಿತ ಒಂದು ಪುಸ್ತಕವನ್ನೂ ಇತರರೊಡನೆ ಕೂಡಿ ಹೊರತಂದರು. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಅವರ ತರುವಾಯದ ಕಥೆ ಸುಪರಿಚಿತ. 2001ರಲ್ಲಿ ಶ್ರೀಮತಿ ಚೊಕಿಲಾ ಅಯ್ಯರ್ ವಿದೇಶಾಂಗ ಕಾರ್ಯದರ್ಶಿಗಳಾದರು; 2009ರಲ್ಲಿ ಶ್ರೀಮತಿ ನಿರುಪಮಾ ರಾವ್; 2013ರಲ್ಲಿ ಶ್ರೀಮತಿ ಸುಜಾತಾ ಸಿಂಗ್. 1999ರ ಚುನಾವಣೆಯಲ್ಲಿ ಬಳ್ಳಾರಿಗೆ ಬಂದು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದ ಶ್ರೀಮತಿ ಸುಷ್ಮಾ ಸ್ವರಾಜರು 2014ರಿಂದ 2019ರವರೆಗೆ ವಿದೇಶಾಂಗ ಮಂತ್ರಿಗಳಾಗಿದ್ದರು. ಮೊದಲನೆಯವರು ಸೇವೆಗೆ ಸೇರಿದಂದಿನಿಂದ ಒಬ್ಬ ಮಹಿಳೆ ಸೇವೆಯ ಶಿಖರಕ್ಕೇರುವವರೆಗೆ ಐವತ್ತೆರಡು ವರ್ಷಗಳು ಹಿಡಿದುವು. ಪರೀಕ್ಷೆಯು ಮುಕ್ತವಾಗಿದ್ದರೂ ದಾರಿ ಮುಕ್ತವಾಗಿರಲಿಲ್ಲವೆಂಬುದಕ್ಕೆ ಈ ಅಂತರವೇ ಸಾಕು.

ಮುಖ್ಯವಾದ ಒಂದು ಕೆಲಸ ಬಾಕಿ ಇದೆ. ಉಳಿದುಕೊಂಡು ಹೋರಾಡಿದವರ ಹೆಸರು ತೀರ್ಪಿನಲ್ಲಿ ನಿಂತಿದೆ. ಮದುವೆಯಾಗಿ ಹೊರನಡೆದವರ ಹೆಸರು ಯಾವ ತೀರ್ಪಿನಲ್ಲಿಯೂ ಇಲ್ಲ. 1949ರಿಂದ 1973ರವರೆಗಿನ ವಾರ್ಷಿಕ ಸೇವಾಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಒಂದು ವರ್ಷ ಇದ್ದು ಮರುವರ್ಷ ಇಲ್ಲದ ಸ್ತ್ರೀಯರ ಹೆಸರುಗಳು ಕಣ್ಣಿಗೆ ಬೀಳುವುವು. ಅವರು ಎಷ್ಟು ಮಂದಿ, ಯಾವ ಪ್ರಾಂತದವರು, ಬಿಟ್ಟ ಮೇಲೆ ಏನಾದರು ಎಂಬುದನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳಬೇಕು. ದಿಲ್ಲಿಯಲ್ಲಿರುವ ನಮ್ಮ ತರುಣ ಸದಸ್ಯರಿಗೆ ಪತ್ರಾಗಾರವೂ ಗ್ರಂಥಾಲಯಗಳೂ ಹತ್ತಿರದಲ್ಲಿಯೇ ಇವೆ. ಎರಡು ಬೇಸಗೆಗಳ ಕೆಲಸವಷ್ಟೆ.